ಹನ್ನೆರಡು ಮಕ್ಕಳು, ಒಂಬತ್ತು ಜೋಡಿ ತಾಳ

ನಮ್ಮ ವಾಮದಪದವಿನ ಕಡೆ ಈಗ ಸಂಜೆಯಾದರೆ ಮಕ್ಕಳ ಕುಣಿತ ಭಜನೆಯ ಅಭ್ಯಾಸ ಶುರು. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಊರುಗಳಲ್ಲಿ ಹೀಗೇ. ಧರ್ಮಸ್ಥಳದ ಭಜನಾ ಕಮ್ಮಟದಲ್ಲಿ ಕಲಿತು ಬಂದವರು ಊರಿನ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾರೆ. ನಮ್ಮ ತಂಡದಲ್ಲಿ ಹನ್ನೆರಡು ಮಕ್ಕಳು. ತಾಳ ಕೊಳ್ಳಲು ಅಪ್ಪ-ಅಮ್ಮಂದಿರು ಕೈಲಾದಷ್ಟು ಹಾಕಿದರು. ಬೀಡಿ ಕಟ್ಟಿದ ದುಡ್ಡೂ ಅದರಲ್ಲಿ ಉಂಟು, ಹಾಗಾಗಿ ಎರಡನೇ ಸಲ ಕೇಳುವ ಹಾಗಿಲ್ಲ. "ನಿನಗೆ ರಜೆ ಉಂಟಲ್ಲ, ನೀನೇ ತಕೊಂಡು ಬಾ ಮಾರಾಯ್ತಿ" ಎಂದು ಜವಾಬ್ದಾರಿ ನನ್ನ ತಲೆಗೆ ಬಂತು. ಹಾರ್ಮೋನಿಯಂ ನುಡಿಸುವ ಮಾಮ ಜೊತೆಗೆ ಬಂದರು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಫಳಫಳ ಹೊಳೆಯುವ ಹಿತ್ತಾಳೆ ತಾಳ. ನಮ್ಮ ಹಣಕ್ಕೆ ಹನ್ನೆರಡು ಜೋಡಿಯೂ ಬರುತ್ತಿತ್ತು. ಮಾಮ ಒಂದನ್ನು ತಟ್ಟಿ ನೋಡಿದರು. "ಟಣ್" ಅಂದು ಅಲ್ಲಿಗೇ ನಿಂತಿತು. ಪಕ್ಕದ ಕಂಚಿನದು ತಟ್ಟಿದ ಮೇಲೂ ಹಾಡುತ್ತಲೇ ಇತ್ತು. ಹಿತ್ತಾಳೆ ತಾಮ್ರ-ಸತುವಿನ ಮಿಶ್ರಣ, ಕಂಚು ತಾಮ್ರ-ತವರದ್ದು. ತವರ ಹೆಚ್ಚಿದ್ದರೆ ಲೋಹ ಗಟ್ಟಿಯಾಗಿ ನಾದ ಉದ್ದಕ್ಕೆ ನಿಲ್ಲುತ್ತದೆ. ದೇವಸ್ಥಾನದ ಗಂಟೆಗೆ ಕಂಚು ಬೇಕೆನ್ನುವುದು ಇದಕ್ಕೇ.

ಆದರೆ ಕಂಚಿನದು ಒಂಬತ್ತು ಜೋಡಿ ಮಾತ್ರ ಸಿಗುತ್ತಿತ್ತು. ಮೂರು ಮಕ್ಕಳನ್ನು ಬರಿಗೈಯಲ್ಲಿ ಕುಣಿಸುವುದು ಹೇಗೆ?

ಆಗ ನನಗೆ ನೆನಪಾದದ್ದು ಬ್ರೆಜಿಲ್‌ನ ಸಾಂಬಾ. ರಿಯೊದ ದೊಡ್ಡ ಸಾಂಬಾ ತಂಡಗಳಲ್ಲಿ ಇನ್ನೂರು-ಮುನ್ನೂರು ಜನ ವಾದ್ಯ ನುಡಿಸುತ್ತಾರೆ. ಲೋಹದ ಚೌಕಟ್ಟಿಗೆ ಸಾಲು ಸಾಲು ಬಿಲ್ಲೆ ಪೋಣಿಸಿದ ಝಲ್ಲೆನ್ನುವ ವಾದ್ಯ ಅಲ್ಲಿ ಒಂದು ಗುಂಪಿನ ಕೈಯಲ್ಲಷ್ಟೇ ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರದ್ದು ಬೇರೆ ಬೇರೆ ಡೋಲು. ಎಲ್ಲರೂ ಅದನ್ನೇ ಹಿಡಿದರೆ ಹಾಡೇ ಕೇಳಿಸಲಿಕ್ಕಿಲ್ಲ. ನಮ್ಮಲ್ಲೂ ಅಂಥದ್ದೊಂದು ಉಂಟಲ್ಲ: ಮರದ ತುಂಡುಗಳ ನಡುವೆ ಪುಟ್ಟ ಬಿಲ್ಲೆ ಕೂರಿಸಿದ ಚಿಪ್ಳಿ! ಮೂರು ಜೋಡಿ ಚಿಪ್ಳಿಯ ಕ್ರಯ ಒಂದು ಜೋಡಿ ಕಂಚಿನ ತಾಳಕ್ಕಿಂತ ಕಡಿಮೆ. ಹಗುರ ಬೇರೆ. ಸಣ್ಣ ಮಕ್ಕಳಿಗೆ ಸರಿ.

ಮತ್ತೆ ತಾಳದ ಪರೀಕ್ಷೆ. ಎರಡನ್ನೂ ಚಪ್ಪಾಳೆಯಂತೆ ಮುಖಕ್ಕೆ ಮುಖ ಬಡಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಸದ್ದು ಸಾಯುತ್ತದೆ. ಅಂಚಿಗೆ ಅಂಚು ತಾಗಿಸಿ ಕೇಳಬೇಕು. ಮಾಮ ಮೊಬೈಲಿನಲ್ಲಿ ಶ್ರುತಿ ಇಟ್ಟುಕೊಂಡು ಒಂದೊಂದೇ ಜೋಡಿ ತಟ್ಟಿದರು. ಶ್ರುತಿಗೆ ಜಗಳವಾಡಿದ್ದನ್ನೆಲ್ಲ ಬದಿಗಿಟ್ಟರು. ಒಂದೇ ಜೋಡಿ ಇಂಪಾಗಿದ್ದರೆ ಸಾಲದು, ಒಂಬತ್ತೂ ಒಟ್ಟಿಗೆ ಕೂಡಬೇಕು.

ಭಾರ ನೋಡುವುದು ನನ್ನ ಕೆಲಸ. ತಾಳ ಹಿಡಿದು ಕೈ ಎತ್ತಿ ಐದು ನಿಮಿಷ ಅಲ್ಲೇ ಹೆಜ್ಜೆ ಹಾಕಿದೆ. ಅಂಗಡಿಯವರು ನಕ್ಕರು. ನಗಲಿ ಬಿಡಿ. ಎದ್ದು ಕೂತು ಗಂಟೆಗಟ್ಟಲೆ ಕುಣಿಯಬೇಕಾದದ್ದು ಮಕ್ಕಳು. ದೊಡ್ಡ ಗಾತ್ರದ್ದಕ್ಕೆ ನನ್ನ ಮಣಿಕಟ್ಟೇ ಸೋತಿತು, ಅದು ಬೇಡವೆಂದೆ.

ಕೊನೆಗೆ ದಾರ. ತೂತಿನ ಅಂಚು ಹರಿತವಿದ್ದರೆ ಕುಣಿಯುವಾಗ ದಾರ ತುಂಡಾಗಿ ತಾಳ ಹಾರಿ ಯಾರದ್ದಾದರೂ ಹಣೆಗೆ ಬಿದ್ದೀತು. ಬೆರಳಾಡಿಸಿ ನೋಡಿ, ದಪ್ಪ ಹತ್ತಿ ದಾರ ಹಾಕಿಸಿ, ಗಂಟನ್ನು ಎಳೆದೇ ತಕೊಂಡೆವು.

ಊರಿಗೆ ಬಂದಾಗ ಎಲ್ಲರಿಗಿಂತ ಸಣ್ಣವಳ ಮುಖ ಬಾಡಿತು. "ನನಗೆ ಮಾತ್ರ ಯಾಕೆ ಮರದ್ದು ಅಕ್ಕ?" ಮಾಮ ಗೋಡೆಯ ಮೇಲಿದ್ದ ಪುರಂದರದಾಸರ ಪಟ ತೋರಿಸಿದರು. "ಅವರ ಕೈಯಲ್ಲಿ ಎಂಥ ಉಂಟು ನೋಡು." ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಪ್ಳಿ. ಹುಡುಗಿ ಪಟವನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಮರುದಿನದಿಂದ ತಾಳದವರಲ್ಲಿ ಇಬ್ಬರು "ನಮಗೂ ಚಿಪ್ಳಿ ಬೇಕು" ಎಂದು ಹಟ ಹಿಡಿದಿದ್ದಾರೆ. ಈಗ ವಾರಕ್ಕೊಮ್ಮೆ ಅದಲು ಬದಲು.