ಬೆಳ್ಳಕ್ಕಿಯ ಹಿಂದಿನ ಕಟ್ಟಡ

ಖಾರಘರದಲ್ಲಿ ಎಂಥ ಹಕ್ಕಿ ಸಿಗುತ್ತದೆ ಮಾರಾಯ್ರೆ ಎಂದು ಊರಿನವರು ಕೇಳುತ್ತಾರೆ. ಸಿಡ್ಕೊದವರು ನಕ್ಷೆ ಹಾಕಿ ಕಟ್ಟಿದ ಊರು ನಿಜ. ಆದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ. ಖಾಡಿಯೆಂದರೆ ನಮ್ಮ ಅಳಿವೆಯ ಹಾಗೇ. ಉಬ್ಬರ, ಇಳಿತ, ಕೆಸರು, ಅಂಚಿಗೆ ಕಾಂಡ್ಲಾ ಗಿಡ. ಕುಮಟೆ ಕಡೆಯವನಾದ ನನಗೆ ಆ ಕೆಸರಿನ ವಾಸನೆಯೇ ಸಾಕು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕ್ಯಾಮೆರಾ ಹಿಡಿದು ಅಲ್ಲಿಗೇ ಹೋಗುತ್ತೇನೆ.

2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಚಿಕ್ಕ ಬೆಳ್ಳಕ್ಕಿಯೊಂದು ಸಿಕ್ಕಿತು. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಮೊದಲ ಚಿತ್ರಗಳಲ್ಲಿ ಹಕ್ಕಿ ಬರೀ ಬಿಳಿ ಕಾಗದದ ಚೂರು. ಸುತ್ತ ಕಪ್ಪು ಕೆಸರು ಕಂಡ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸಿಬಿಟ್ಟಿತ್ತು. ಹಾಗೆ ಹಾರಿಹೋದ ಬಿಳಿಯಲ್ಲಿ ಆಮೇಲೆ ಏನು ಮಾಡಿದರೂ ಗರಿ ಮೂಡುವುದಿಲ್ಲ. ರೈಟ್ ಆಫ್ ಮಾಡಿದ ಸಾಲವಾದರೂ ಒಮ್ಮೊಮ್ಮೆ ವಸೂಲಾಗುತ್ತದೆ, ಇದು ಆಗುವುದಿಲ್ಲ. ಬೆಳಕು ಒಂದು ಮೆಟ್ಟಿಲು ಇಳಿಸಿ ತೆಗೆದ ಕೊನೆಯ ಚಿತ್ರ ಮಾತ್ರ ಮಂಕಾಗಿದ್ದರೂ ಗರಿ ಉಳಿಸಿಕೊಂಡಿತ್ತು.

ಅದನ್ನು ಕಂಪ್ಯೂಟರಿಗೆ ಹಾಕಿ ಕೂತೆ. ಹಕ್ಕಿಯ ಬಿಳಿಯನ್ನು ತುಸು ತಗ್ಗಿಸಿದೆ, ನೆರಳನ್ನು ತುಸು ಎತ್ತಿದೆ. ಹೆಚ್ಚು ಎತ್ತಿದರೆ ಕೆಸರಿನಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಏಳುತ್ತದೆ. ಆಮೇಲೆ ಕತ್ತರಿ. 6000 ಅಡ್ಡ, 4000 ಉದ್ದದ ಚಿತ್ರ ಕತ್ತರಿಸುತ್ತಾ 2400 ಅಡ್ಡ, 1600 ಉದ್ದಕ್ಕೆ ಇಳಿಯಿತು. ಲೆಕ್ಕ ಹಾಕಿದೆ, ನೂರಕ್ಕೆ 16 ಪಾಲು ಉಳಿದಿತ್ತು. ಚೆನ್ನಾಗಿ ಮುದ್ರಿಸಿದರೆ ಎಂಟು ಅಂಗುಲ ಅಗಲಕ್ಕೆ ಮೋಸವಿಲ್ಲ. ಹಕ್ಕಿ ನೋಡುವ ದಿಕ್ಕಿಗೆ ಜಾಗ ಬಿಟ್ಟು, ಪ್ಲಾಸ್ಟಿಕ್ ಚೀಲ, ಕ್ರೇನು, ಸಾಲು ಕಟ್ಟಡ ಎಲ್ಲ ತೆಗೆದೆ.

ಇದು ಕಂಪ್ಯೂಟರ್ ಕಲಿಸಿದ ಪಾಪವೇನಲ್ಲ. 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಹೆಸರಾದವರು. ಆ ಕಾಲದ ಕತ್ತಲೆಕೋಣೆಗಳಲ್ಲೂ ಬೇಡದ ಅಂಚು ಬಿಡುತ್ತಿದ್ದರು, ಬೆಳಕಿಗೆ ಕೈ ಅಡ್ಡ ಹಿಡಿದು ಒಂದು ಮೂಲೆಯನ್ನು ತಿಳಿ ಮಾಡುತ್ತಿದ್ದರು. ಇಲ್ಲದ ಹಕ್ಕಿಯನ್ನು ತಂದು ಕೂರಿಸಿದರೆ ಅದು ಖೋಟಾ ಲೆಕ್ಕ. ನಾನು ಮಾಡಿದ್ದು ಹೆಚ್ಚೆಂದರೆ ಮಾರ್ಚ್ 31ರ ಸಂಜೆಯ ವಿಂಡೋ ಡ್ರೆಸ್ಸಿಂಗ್ ಅಂದುಕೊಂಡೆ.

ಹೆಂಡತಿ ನೋಡಿ, ‘ಚೆಂದ ಇದೆ. ಆದ್ರೆ ನಮ್ಮ ಬಿಲ್ಡಿಂಗನ್ನೇ ಕತ್ತರಿಸಿ ಹಾಕಿದ್ರಲ್ಲ’ ಅಂದಳು. ಹೌದಲ್ಲ, ಸಾಲಿನಲ್ಲಿ ಮೂರನೆಯದು ನಮ್ಮದೇ. ನಕ್ಕು ಸುಮ್ಮನಾದೆ. ಚಿತ್ರವನ್ನು ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿದೆ, ಒಂದಕ್ಷರವನ್ನೂ ಬರೆಯದೆ.

ರಾತ್ರಿ ಫೋನು ಬಂತು. ‘ಯಾವಾಗ ಬಂದಿದ್ದೆ?’

‘ಎಲ್ಲಿಗೆ?’

‘ಎಲ್ಲಿಗೆ ಅಂದ್ರೆ? ಇದು ಮಿರ್ಜಾನ ಕಡೆ ಗಜನಿ ಅಲ್ದೇನೋ ತಮಾ? ಇಲ್ಲಿತನಕ ಬಂದವ ಮನೆಗೆ ಬರದೇ ಹೋದ್ಯಲ್ಲೋ.’

ಗಜನಿಯೆಂದರೆ ಅಘನಾಶಿನಿಯ ಉಪ್ಪುನೀರು ನುಗ್ಗುವ ಗದ್ದೆ. ಅಪ್ಪ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಬೆಳ್ಳಕ್ಕಿಗಳು ಹೀಗೇ ನಿಲ್ಲುತ್ತಿದ್ದವು. ಆಯಿ ಹೋದ ಮೇಲೆ ಊರಿಗೆ ಹೋಗುವುದು ನನಗೆ ಕಡಿಮೆಯಾಗಿತ್ತು, ಅದರ ಬೇಜಾರು ಅಣ್ಣನಿಗೆ ಇದ್ದೇ ಇತ್ತು. ಇದು ಖಾರಘರದ ಖಾಡಿ ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ‘ಆಯ್ತು, ಇಡು’ ಅಂದ.

ಫೋನಿಟ್ಟ ಮೇಲೆ ಕತ್ತರಿಸದ ಇಡೀ ಚಿತ್ರವನ್ನು ಕಳಿಸಿದೆ. ಕ್ರೇನು, ಚೀಲ, ಕಟ್ಟಡ ಎಲ್ಲ ಸಮೇತ. ಹಕ್ಕಿ ಅದರಲ್ಲಿ ಅಕ್ಕಿಕಾಳಿನಷ್ಟು. ಮರುದಿನ ಮಧ್ಯಾಹ್ನದವರೆಗೆ ಉತ್ತರವಿಲ್ಲ. ಆಮೇಲೆ ಒಂದು ಸಾಲು ಬಂತು: ‘ಇದ್ರಲ್ಲಿ ನಿನ್ನ ಕಿಟಕಿ ಯಾವ್ದು?’

ಮತ್ತೆ ಕಂಪ್ಯೂಟರ್ ಹಚ್ಚಿದೆ. ಮೂರನೆಯ ಕಟ್ಟಡ, ಎಂಟನೆಯ ಮಹಡಿ. ಆ ಮೂಲೆಯ ನೆರಳನ್ನು ಎಷ್ಟು ಎತ್ತಬಹುದೋ ಅಷ್ಟೂ ಎತ್ತಿದೆ. ತುಂಬ ಕಾಳು ಕಾಳು. ಆದರೂ ಗ್ರಿಲ್ಲಿಗೆ ಒಣಹಾಕಿದ ನನ್ನ ನೀಲಿ ಟವೆಲ್ ಕಂಡಿತು. ಅಲ್ಲಿಗೊಂದು ಕೆಂಪು ಸುತ್ತು ಹಾಕಿ ಅಣ್ಣನಿಗೆ ಕಳಿಸಿದೆ.