ಮನೆ, ಪಾಲು, ಅಂಗಡಿ

ಕೂಡಿ ದುಡಿಯುವ ಅಂಗಡಿಯು ಒಡೆದರೆ ಜನರು ಮನೆಯ ಹೆಂಗಸರನ್ನು ದೂರುವುದು ವಾಡಿಕೆ. ನಮ್ಮ ಜವಳಿ ಅಂಗಡಿಯು ಪಾಲಾದಾಗಲೂ ಊರವರು ಹಾಗೆಯೇ ಆಡಿಕೊಂಡರು.

ಇಂತಹ ಕುಟುಂಬ ವ್ಯಾಪಾರವನ್ನು ವಿದ್ವಾಂಸರು ಅಭ್ಯಾಸಕ್ಕೆ ಯೋಗ್ಯವಾದ ವಿಷಯವೆಂದು ಗಣಿಸಿದುದು ಬಹಳ ತಡವಾಗಿ. ಅಮೆರಿಕದ ಹಾರ್ವರ್ಡಿನ ಕ್ರಿಸ್ಟೆನ್ಸನ್ನರು ಸಣ್ಣ ಉದ್ಯಮಗಳ ಉತ್ತರಾಧಿಕಾರವನ್ನು ಕುರಿತ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದರು. 1978ರಲ್ಲಿ ಅಲ್ಲಿಯೇ ಟಾಜೂರಿ ಮತ್ತು ಡೇವಿಸ್ ಎಂಬವರು ಒಂದನ್ನೊಂದು ಛೇದಿಸುವ ಮೂರು ವೃತ್ತಗಳ ಚಿತ್ರವನ್ನು ರಚಿಸಿದರು: ಕುಟುಂಬ, ಒಡೆತನ, ವ್ಯಾಪಾರ. 1988ರಲ್ಲಿ ಈ ವಿಷಯಕ್ಕೇ ಮೀಸಲಾದ ‘ಫ್ಯಾಮಿಲಿ ಬಿಸಿನೆಸ್ ರಿವ್ಯೂ’ ಎಂಬ ಪತ್ರಿಕೆಯು ಹುಟ್ಟಿತು.

ಆ ವೃತ್ತಗಳಲ್ಲಿ ನಮ್ಮವರನ್ನು ಇರಿಸಿ ನೋಡಿದೆವು. ಅಣ್ಣಂದಿರು ಮೂರರಲ್ಲಿಯೂ ಇದ್ದರು. ವಿಧವೆಯಾದ ಚಿಕ್ಕಮ್ಮನವರಿಗೆ ಪಾಲಿದ್ದಿತು, ಅಂಗಡಿಯಲ್ಲಿ ಕೆಲಸವಿರಲಿಲ್ಲ. ಅತ್ತಿಗೆಯವರು ಪ್ರತಿರಾತ್ರಿ ಲೆಕ್ಕ ಬರೆಯುತ್ತಿದ್ದರು, ಪಾಲಿರಲಿಲ್ಲ. ಲಾಭವನ್ನು ಹಂಚಿರೆಂದು ಚಿಕ್ಕಮ್ಮನವರು ಕೇಳಿದರು. ಅವರ ಜೀವನಕ್ಕೆ ಬೇರೆ ಆಧಾರವಿರಲಿಲ್ಲ. ಹಬ್ಬದ ಸರಕಿಗೆ ಹಣ ಬೇಕೆಂದು ಅತ್ತಿಗೆಯವರು ಹೇಳಿದರು. ಬರಿದಾಗುತ್ತಿದ್ದ ಕಪಾಟುಗಳನ್ನು ಅವರು ಬಲ್ಲರು. ಇಬ್ಬರ ಮಾತೂ ನ್ಯಾಯವೇ. ನಿಂತ ನೆಲ ಮಾತ್ರ ಬೇರೆ. ಆದರೂ ಒಬ್ಬರಿಗೆ ದುರಾಸೆಯವರೆಂದೂ ಇನ್ನೊಬ್ಬರಿಗೆ ಮನೆಮುರುಕರೆಂದೂ ಹೆಸರು ಬಂದಿತು.

ಒಡೆದ ಅಂಗಡಿಯನ್ನು ಯಾವ ಶಾಸ್ತ್ರವೂ ಕೂಡಿಸಲಾರದು. ಆದರೆ ವಾಚಕ ಸೋದರಿಯರೇ, ಕೂಡಿ ಬಾಳುತ್ತಿರುವ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಪಾಲುಳ್ಳವರೂ ದುಡಿಯುವವರೂ ಒಟ್ಟಿಗೆ ಕುಳಿತು ಲೆಕ್ಕದ ಪುಸ್ತಕವನ್ನು ತೆರೆಯಲಿ. ಚಿಕ್ಕಮ್ಮನವರು ಈಗಿಲ್ಲ. ಅವರು ಕೇಳಿದುದು ಬೇರೆ ಮನೆಯಲ್ಲ, ಆ ಪುಸ್ತಕದ ಮುಂದೆ ಒಂದು ಮಣೆ.