ಕಡಲೆ ಹೊಲದ ಅತಿಥಿಗಳು

ಜನವರಿಯ ಒಂದು ಭಾನುವಾರ. ರಜೆಗೆ ಊರಿಗೆ, ಅಂದರೆ ಕೊಣ್ಣೂರಿಗೆ ಬಂದಿದ್ದೆ. ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಧುಪದಾಳ ಮುಟ್ಟುವಷ್ಟರಲ್ಲಿ ಎಂಟಾಗಿತ್ತು. ಚಳಿಗೆ ಹಾಸಿಗೆ ಬಿಟ್ಟು ಏಳಲಿಲ್ಲ, ತಪ್ಪು ನನ್ನದೇ.

ಗೋಕಾಕ ಫಾಲ್ಸ್ ನೋಡಲು ಬಂದವರು ಸಾಮಾನ್ಯವಾಗಿ ಅಲ್ಲಿಂದಲೇ ವಾಪಸ್ ಹೋಗ್ತಾರೆ. ಚಳಿಗಾಲದಲ್ಲಿ ಬಂದರೆ ನದಿಯ ಮೇಲ್ಭಾಗಕ್ಕೆ ಬನ್ನಿ. 1897ರಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು ಇಲ್ಲಿದೆ. ಅದರ ಹಿನ್ನೀರು ಸೇರಿ ಸುಮಾರು 30 ಚದರ ಕಿ.ಮೀ. ಪ್ರದೇಶ 1974ರಿಂದ ಪಕ್ಷಿಧಾಮ. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೇನ್‌ಗಳಿಗೆ ಇದು ಹೆಸರುವಾಸಿ. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಕ್ರೇನ್‌ಗಳಲ್ಲೆಲ್ಲ ಚಿಕ್ಕದು ಇದೇ.

ಎರಡು ತಾಸು ದುರ್ಬೀನು ಹಿಡಿದು ಕೂತೆ. ನೀರುಕಾಗೆ ಕಂಡವು, ಬಣ್ಣದ ಕೊಕ್ಕರೆ ಕಂಡವು. ಕ್ರೇನ್ ಒಂದೂ ಇಲ್ಲ. ಅಪ್ಪ ನಕ್ಕರು.

"ಅವು ಇಲ್ಲಿ ಮಲಗಾಕ ಬರ್ತಾವ. ಊಟಕ್ಕ ಹೊಲಕ್ಕ ಹೋಗಿರ್ತಾವ. ಕಡ್ಲಿ ಹೊಲ ಹುಡುಕು."

ಹುಡುಗನಾಗಿದ್ದಾಗ ಕವಣೆ ಬೀಸಿ ಅವನ್ನು ಓಡಿಸುವುದೇ ಅಪ್ಪನ ಕೆಲಸವಾಗಿತ್ತಂತೆ. ಮೊಬೈಲಿನಲ್ಲಿ ಹಕ್ಕಿಗಳ ಮೂರು ಆ್ಯಪ್ ಇಟ್ಟುಕೊಂಡಿದ್ದ ನನಗೆ ಇದು ಹೊಳೆದಿರಲಿಲ್ಲ.

ಹಳ್ಳಿ ರಸ್ತೆ ಹಿಡಿದೆವು. ತಂತಿ ಮೇಲೆ ನೀಲಕಂಠ, ಕಾಜಾಣ, ಬೇಲಿಗೆ ಕಳ್ಳಿಪೀರ. ಆದರೆ ಎತ್ತ ನೋಡಿದರೂ ಕಬ್ಬು. ಅದೇ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆಯ ನೀರು. ಕ್ರೇನ್‌ಗೆ ದೂರದವರೆಗೆ ಕಾಣುವ ಬಯಲು ಬೇಕು, ಆಳೆತ್ತರದ ಕಬ್ಬಿನೊಳಗೆ ಅದು ಇಳಿಯುವುದಿಲ್ಲ. ಪಕ್ಷಿಧಾಮದ ಬೋರ್ಡು ಅದರ ಹಾಸಿಗೆಯನ್ನಷ್ಟೇ ಕಾಯುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಹಿಂದಿನಿಂದ ಬೆನ್ನು ತಟ್ಟಿದರು. "ನಿಲ್ಲಸು. ಕೇಳಸ್ತೇನು?" ಒಂದು ಕಣ್ಣಿಗೆ ಪೊರೆ ಬಂದ ಮನುಷ್ಯ, ಕಿವಿಯಿಂದಲೇ ಹಿಡಿದಿದ್ದರು. ಕಬ್ಬಿನ ನಡುವೆ ಉಳಿದ ಒಂದೇ ಕಡಲೆ ಹೊಲದಲ್ಲಿ ಇಪ್ಪತ್ಮೂರು ಹಕ್ಕಿಗಳು, ಮದುವೆಗೆ ಬಂದ ಬೀಗರ ಗತ್ತಿನಲ್ಲಿ.

ಐದು ನಿಮಿಷವೂ ನೋಡಲಿಲ್ಲ, ಹೊಲದವರು ತಾಟು ಬಡಿಯುತ್ತ ಬಂದರು. ಹಕ್ಕಿ ಎದ್ದವು.

"ನೀವು ಫೋಟೋ ಹೊಡ್ಕೊಂಡು ಹೋಗ್ತೀರಿ. ನನ್ನ ಕಡ್ಲಿ ರೊಕ್ಕ ಯಾರು ಕೊಡ್ತಾರ್ರಿ? ಮುಂದಿನ ವರ್ಷ ನಾನೂ ಕಬ್ಬು ಹಚ್ಚಾಂವ."

ಏನು ಹೇಳೋದು? ನಮ್ಮ ಮೂರು ಎಕರೆಗೂ ಕಬ್ಬೇ ಲಾಭ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಅಪ್ಪನಿಗೆ ಕಳಿಸಿದವನು ನಾನೇ. ಈ ಕಡಲೆ ಕಿತ್ತ ಮೇಲೆ ನಾಟಿ ಅಂತ ಮಾತಾಗಿತ್ತು.

ಬರುವಾಗ ನಮ್ಮ ಹೊಲದ ಹತ್ತಿರ ಬೈಕ್ ನಿಲ್ಲಿಸಿದೆ.

"ಒಂದು ಎಕರೆ ಕಡ್ಲಿಗೇ ಬಿಡೋಣೇನು?"

"ಲೆಕ್ಕ ಹಾಕಿದಾಂವ ನೀನ ಅಲ್ಲೇನು?" ಅಂದರು ಅಪ್ಪ. ಆಮೇಲೆ ಬದುವಿನ ಮೇಲೆ ಕೂತು, ಒಂದು ಗಿಡ ಕಿತ್ತು, ಹಸಿ ಕಡಲೆ ಸುಲಿದು ನನ್ನ ಕೈಗೆ ಹಾಕತೊಡಗಿದರು.